ಸೂತಕ ಕಳೆದ ಮನೆಯಲ್ಲಿ ಅವರೆಕಾಯಿ ಬಿಡಿಸುವ ಬಗೆ

ಸಾವಾದ ಮನೆಯಲ್ಲಿ ಒಲೆ ಹಚ್ಚುವ ರೂಢಿಯಿಲ್ಲವಾದ್ದರಿಂದ ಮೊದಲ ದಿನಗಳಲ್ಲಿ ನೆರೆಹೊರೆಯವರೂ ನೆಂಟರೂ ಊಟ ತಂದುಕೊಡುತ್ತಾರೆ. ಹನ್ನೊಂದನೆಯ ಅಥವಾ ಹದಿಮೂರನೆಯ ದಿನದ ಕಾರ್ಯ ಮುಗಿದು ಎಲ್ಲರೂ ಹೊರಟ ಮೇಲೆ, ಅಡುಗೆಮನೆಗೆ ಕಾಲಿಡಲು ಮನಸ್ಸಾಗದೆ ಕಾಫಿ ಬಿಸ್ಕತ್ತಿನಲ್ಲೇ ದಿನ ಕಳೆಯುವವರು ಅನೇಕರಿದ್ದಾರೆ. ಅಂಥವರಿಗೆ ಡಬ್ಬಿ ತುಂಬಿ ಊಟ ಕಳುಹಿಸುವುದಕ್ಕಿಂತ ಅವರ ಕೈಗೆ ಒಂದು ಸಣ್ಣ ಕೆಲಸ ಕೊಟ್ಟು ಜೊತೆಯಲ್ಲಿ ಕುಳಿತುಕೊಳ್ಳುವುದು ಹೆಚ್ಚು ಉಪಕಾರವೆಂದು ನನ್ನ ಅನಿಸಿಕೆ. ಡಿಸೆಂಬರ್, ಜನವರಿಯ ಅವರೆಯ ಕಾಲವಾದರೆ ಹಿತಕಿದ ಬೇಳೆಯ ಸಾರಿಗಿಂತ ಒಳ್ಳೆಯ ನೆಪ ಸಿಗಲಾರದು.

ಸೊಗಡಿರುವ ಎರಡು ಕಿಲೋ ಕಾಯಿ ಕೊಂಡು ಸಂಜೆಯ ಹೊತ್ತಿಗೆ ಹೋಗಿ. ‘ಅಡುಗೆ ಮಾಡೋಣ’ ಎಂದು ಕರೆದರೆ ಬೇಡವೆನ್ನುವುದೇ ಹೆಚ್ಚು. ‘ಚಿಕ್ಕಮ್ಮ, ಇಷ್ಟನ್ನೂ ಒಬ್ಬಳೇ ಬಿಡಿಸೋಕಾಗಲ್ಲ, ಸ್ವಲ್ಪ ಕೈ ಹಾಕ್ತೀರಾ?’ ಎಂದರೆ ಒಲ್ಲೆನೆನ್ನುವವರು ಕಡಿಮೆ. ಹಳೆಯ ಪತ್ರಿಕೆ ಹರಡಿ, ಎದುರಿಗಲ್ಲದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಇಬ್ಬರ ಕಣ್ಣೂ ಕಾಯಿಯ ಮೇಲಿದ್ದಾಗ, ಮುಖ ನೋಡಿ ಹೇಳಲಾಗದ ಮಾತು ತಾನಾಗಿ ಬರುವುದುಂಟು. ಬಾರದಿದ್ದರೆ ಕೆದಕಬೇಡಿ, ಸಮಾಧಾನದ ಮಾತನ್ನೂ ಆಡಬೇಡಿ. ಹುಳುಕು ಕಾಯಿಯನ್ನು ಆರಿಸಿ ಎಸೆಯುತ್ತಾ ಸುಮ್ಮನಿದ್ದರೆ ಸಾಕು. ಕಾಳನ್ನು ನೀರಿನಲ್ಲಿ ನೆನೆಹಾಕಿ ಮನೆಗೆ ಹೊರಡಿ. ರಾತ್ರಿಯಿಡೀ ನೆನೆಯಬೇಕಾಗಿರುವುದರಿಂದ ಮರುದಿನವೂ ನೀವು ಬರಲೇಬೇಕಾಗುತ್ತದೆ, ಅವರೂ ಕಾಯಲೇಬೇಕಾಗುತ್ತದೆ.

ಬೆಳಿಗ್ಗೆ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಬೇಳೆ ಹಾರಿ ಯಾರದೋ ತಲೆಗೆ ಬಿದ್ದಾಗ ನಗು ಬಂದರೆ ಅದನ್ನು ತಪ್ಪೆಂದು ಯಾರೂ ಗದರದಂತೆ ನೋಡಿಕೊಳ್ಳಿ. ಬೇಳೆಯನ್ನು ಕುಕ್ಕರಿಗೆ ಹಾಕಿದರೆ ಕರಗಿಬಿಡುವ ಭಯವಿರುವುದರಿಂದ ತೆರೆದ ಪಾತ್ರೆಯಲ್ಲೇ ಬೇಯಿಸಿ, ಹುರಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಧನಿಯ, ಹಸಿಮೆಣಸಿನಕಾಯಿ, ತೆಂಗಿನತುರಿಗಳನ್ನು ರುಬ್ಬಿ ಸೇರಿಸಿ ಕುದಿಸಿ. ಉಪ್ಪು ಖಾರ ಎಷ್ಟೆಂದು ಅವರನ್ನೇ ಕೇಳಿ, ಗೊತ್ತಿದ್ದರೂ ಕೇಳಿ.

ಅಕ್ಕಿ ಅಳೆಯುವ ಗಳಿಗೆ ಮಾತ್ರ ಕಠಿಣವಾದದ್ದು. ವರ್ಷಗಟ್ಟಲೆ ಅಳೆದು ಪಳಗಿದ ಕೈ ಹೋದವರ ಪಾಲನ್ನೂ ಸೇರಿಸಿಯೇ ಹಾಕುತ್ತದೆ, ಹಾಕಿದ ಮೇಲೆ ಅಲ್ಲೇ ನಿಂತುಬಿಡುತ್ತದೆ. ಆಗ ತಿದ್ದಲು ಹೋಗದೆ ಅಷ್ಟನ್ನೂ ಬೇಯಲು ಬಿಡಿ. ಉಳಿದ ಅನ್ನ ಮರುದಿನ ಚಿತ್ರಾನ್ನವಾಗುತ್ತದೆ. ಹೋದವರಿಗೆ ಪ್ರಿಯವಾಗಿದ್ದ ತಿನಿಸನ್ನು ಮನೆಯವರೇ ಬಯಸುವವರೆಗೆ ಮಾಡಬೇಡಿ.

ನಿದ್ರೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಈಳಿಗೆಯ ಕೆಲಸವನ್ನೂ ಒಲೆಯ ಕೆಲಸವನ್ನೂ ವಹಿಸಬಾರದು. ವಾರಗಟ್ಟಲೆ ಊಟ ನಿದ್ರೆಗಳಿಲ್ಲದಿದ್ದರೆ ಅಥವಾ ಬದುಕು ಸಾಕೆಂಬ ಮಾತು ಬಂದರೆ ಅದು ಅಡುಗೆಯಿಂದ ಆಗುವ ಕೆಲಸವಲ್ಲ. ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಹೊರಡುವಾಗ ನಿಮ್ಮ ಪಾತ್ರೆಯೊಂದನ್ನು ಬೇಕೆಂದೇ ಅಲ್ಲಿ ಬಿಟ್ಟು ಬನ್ನಿ. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅದರಲ್ಲಿ ಹಾಕಿ ತರಲಾದರೂ ಅವರು ಏನನ್ನಾದರೂ ಮಾಡಿಯಾರು.