ಮೂರು ಸಂಜೆ ಕೇಂದ್ರಗಳು: ತರಬೇತಿ ಸಿಕ್ಕ ಬಗೆ, ಗೌರವಧನ ಹೊಂದಿಸಿದ ಬಗೆ

2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ, ಅಂದರೆ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಶಿಕ್ಷಕರು ಊರಿನೊಳಗೇ ಬಂದು ಪಾಠ ಮಾಡುತ್ತಿದ್ದ ಸರ್ಕಾರಿ ಕಾರ್ಯಕ್ರಮ, ಅಕ್ಟೋಬರ್‌ನಲ್ಲಿ ನಿಂತುಹೋದಾಗ, ಅಲ್ಲಿಯವರೆಗೆ ನಮ್ಮೂರಿನ ಗುಡಿಕಟ್ಟೆಯ ಮೇಲೆ ಕುಳಿತು ಓದುತ್ತಿದ್ದ ಮಕ್ಕಳಲ್ಲಿ ಹನ್ನೊಂದು ಮಂದಿ ನಮ್ಮ ಮನೆಯ ಪಡಸಾಲೆಗೆ ಬಂದರು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಸಣ್ಣ ಊರು ನಮ್ಮದು. ಬಿ.ಇಡಿ. ಮುಗಿಸಿ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದ ನನಗೆ, ಪಡಸಾಲೆಯ ಆ ಗುಂಪು ಮುಂದೆ ಮೂರು ಊರುಗಳ ಸಂಜೆ ಕಲಿಕಾ ಕೇಂದ್ರಗಳಾಗುತ್ತದೆ ಎಂಬ ಕಲ್ಪನೆ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಲಿಸಬೇಕೆಂದಿರುವ ಯುವಕ ಯುವತಿಯರು ಈಗ ಆಗಾಗ ಬಂದು, ತರಬೇತಿ ಎಲ್ಲಿ ಸಿಗುತ್ತದೆ, ಹಣ ಯಾರು ಕೊಡುತ್ತಾರೆ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ತರಬೇತಿ ಹೆಚ್ಚುಕಡಿಮೆ ಉಚಿತವಾಗಿಯೇ ಸಿಕ್ಕಿತು, ಸಾಮಗ್ರಿಗೂ ದಾನಿಗಳು ಸಿಕ್ಕರು. ಆದರೆ ದಿನವೂ ಬಂದು ಕಲಿಸುವ ಮನುಷ್ಯರಿಗೆ ಕೊಡಬೇಕಾದ ಗೌರವಧನವನ್ನು ಹೊಂದಿಸಲು ಐದು ವರ್ಷ ಬೇಕಾಯಿತು.

ಮೊದಲ ತರಬೇತಿ ನಮ್ಮೂರಿನ ಸರ್ಕಾರಿ ಶಾಲೆಯ ಮುಖ್ಯಗುರುಗಳಿಂದಲೇ ದೊರೆಯಿತು. ಆರನೆಯ ತರಗತಿಯ ಹುಡುಗಿಯೊಬ್ಬಳು ಪಠ್ಯದ ಪದ್ಯವನ್ನು ರಾಗವಾಗಿ, ಒಂದು ಅಕ್ಷರವೂ ತಪ್ಪದಂತೆ ಓದುತ್ತಾಳೆಂದು ನಾನು ಅವರೆದುರು ಹೆಮ್ಮೆಯಿಂದ ಹೇಳಿದೆ. ಅವರು ಅವಳ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡು, "ಅಕ್ಕೋರ, ಅಕಿ ಬಾಯಿ ಬಿಡ್ರಿ, ಬೆರಳ ನೋಡ್ರಿ" ಎಂದರು. ಬಾಯಲ್ಲಿ ನಾಲ್ಕನೆಯ ಸಾಲು ಬರುತ್ತಿತ್ತು, ಬೆರಳು ಇನ್ನೂ ಎರಡನೆಯ ಸಾಲಿನಲ್ಲಿತ್ತು. ಪದ್ಯ ಕಂಠಪಾಠವಾಗಿತ್ತೇ ಹೊರತು ಅವಳು ಓದುತ್ತಿರಲಿಲ್ಲ. ಆಗ ಅವರು ಕೊಟ್ಟದ್ದು, ಮಕ್ಕಳ ಕಲಿಕೆಯ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆಯ ಓದಿನ ಹಾಳೆ. 2005ರಿಂದ ಗ್ರಾಮೀಣ ಭಾರತದಲ್ಲಿ ನಡೆಯುತ್ತಿರುವ ಈ ಸಮೀಕ್ಷೆಯ ಪರೀಕ್ಷಾ ಹಾಳೆಗಳು ಕನ್ನಡದಲ್ಲಿಯೂ ಉಚಿತವಾಗಿ ಸಿಗುತ್ತವೆ. ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಒಂದು ಚಿಕ್ಕ ಕಥೆ, ಇಷ್ಟೇ ಅದರಲ್ಲಿರುವುದು. ಒಂದು ಮಗುವಿಗೆ ಐದು ನಿಮಿಷ ಸಾಕು. ಆಗ ನನ್ನ ಬಳಿ ಬರುತ್ತಿದ್ದ, ನಾಲ್ಕರಿಂದ ಏಳನೆಯ ತರಗತಿಯ ಇಪ್ಪತ್ತಾರು ಮಕ್ಕಳಲ್ಲಿ ಕಥೆಯವರೆಗೆ ಬಂದವರು ಒಂಬತ್ತೇ ಮಂದಿ. ಆ ಸಂಜೆ ಬರೆದಿಟ್ಟ ಒಂದು ಪುಟದ ಪಟ್ಟಿ ಮುಂದೆ ನಮ್ಮ ಎಲ್ಲ ಅರ್ಜಿಗಳ ಬೆನ್ನೆಲುಬಾಯಿತು.

ಅದಾದ ಮೇಲೆ ತರಗತಿಯನ್ನು ಬಿಟ್ಟು ಮಟ್ಟದ ಪ್ರಕಾರ ಗುಂಪು ಮಾಡುವ ಪ್ರಥಮ್ ಸಂಸ್ಥೆಯ ವಿಧಾನವನ್ನು ಕಲಿತೆ. ಏಳನೆಯ ತರಗತಿಯ ಹುಡುಗನನ್ನು ನಾಲ್ಕನೆಯ ತರಗತಿಯವರೊಂದಿಗೆ ಕೂರಿಸಿದಾಗ ಅವನ ಮುಖ ಕೆಂಪಾಗುವುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಅವನಿಗೆ ಗುಂಪಿನ ಮುಂದಾಳುತನ ಕೊಟ್ಟು, ಕಾರ್ಡು ಹಂಚುವ ಕೆಲಸ ಒಪ್ಪಿಸಿದ ಮೇಲೆಯೇ ಅವನು ಮರುದಿನ ಬಂದದ್ದು. ನಲಿಕಲಿ ನನಗೆ ಇನ್ನೊಂದು ಪಾಠಶಾಲೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಚಟುವಟಿಕೆಯ ಮೂಲಕ ಕಲಿಸುವ ಈ ಪದ್ಧತಿಯಲ್ಲಿ ಪಳಗಿದ ಶಿಕ್ಷಕಿಯೊಬ್ಬರು ಪಕ್ಕದ ಊರಿನ ಶಾಲೆಯಲ್ಲಿದ್ದರು. ಮುಖ್ಯಗುರುಗಳ ಅನುಮತಿ ಪಡೆದು ಅವರ ಕೊಠಡಿಯಲ್ಲಿ ನಾಲ್ಕು ಶನಿವಾರ ಸುಮ್ಮನೆ ಕುಳಿತೆ. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಮೆಟ್ಟಿಲಿನಲ್ಲಿರುವ ಮಕ್ಕಳಿಗೆ ಕೆಲಸ ಹಂಚುವುದು ಹೇಗೆಂಬುದನ್ನು ನಾನು ಬಿ.ಇಡಿ.ಯ ಎರಡು ವರ್ಷಗಳಿಗಿಂತ ಆ ನಾಲ್ಕು ಶನಿವಾರಗಳಲ್ಲಿ ಹೆಚ್ಚು ಕಲಿತೆ ಎಂದರೆ ನನ್ನ ಕಾಲೇಜಿನವರು ಬೇಸರಿಸಬಾರದು.

ಉಳಿದ ತರಬೇತಿಗಳು ತುಂಡುತುಂಡಾಗಿ ಬಂದವು. ಭಾರತ ಜ್ಞಾನ ವಿಜ್ಞಾನ ಸಮಿತಿಯ ಕಾರ್ಯಕರ್ತರು ನಡೆಸಿದ ಎರಡು ದಿನದ ಶಿಬಿರದಲ್ಲಿ ಕಾಗದದ ಟೋಪಿ, ಹಾಡು, ಗುಂಪಿನ ಆಟ ಕಲಿತೆ. ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆ ವಿಡಿಯೋಗಳು ಕನ್ನಡದಲ್ಲಿಯೂ ಇರುವುದರಿಂದ ಸ್ಟ್ರಾ, ಬೆಂಕಿಪೊಟ್ಟಣ, ಹಳೆಯ ಸೈಕಲ್ ಟ್ಯೂಬುಗಳೇ ನಮ್ಮ ವಿಜ್ಞಾನ ಪ್ರಯೋಗಾಲಯವಾದವು. ಓದಲು ಪುಸ್ತಕವಿಲ್ಲವೆಂಬ ಕೊರತೆಯನ್ನು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ತುಂಬಿತು. ಮುಕ್ತ ಪರವಾನಗಿಯ ಕನ್ನಡ ಕಥೆಗಳನ್ನು ಇಳಿಸಿಕೊಂಡು, ಗದಗದಲ್ಲಿ ಮುದ್ರಿಸಿ, ಹೊಲಿಗೆ ಹಾಕಿಸಿ ಐವತ್ತು ಪುಸ್ತಕಗಳ ಪೆಟ್ಟಿಗೆ ಮಾಡಿದೆವು. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದಿಕ್ಷಾದ ಕೋರ್ಸುಗಳನ್ನೂ ನೋಡಿದೆ. ಅವು ಬಹುತೇಕ ಶಾಲಾ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟು ಮಾಡಿದವು, ನಮ್ಮಂಥವರಿಗೆ ಅಲ್ಲೊಂದು ಇಲ್ಲೊಂದು ಉಪಯೋಗಕ್ಕೆ ಬರುತ್ತವೆ. ಟಾಟಾ ಟ್ರಸ್ಟ್ಸ್‌ನ ಮಕ್ಕಳ ಸಾಹಿತ್ಯದ ಉಪಕ್ರಮವಾದ ಪರಾಗ್ ನಡೆಸುವ ಗ್ರಂಥಾಲಯ ಶಿಕ್ಷಕರ ಕೋರ್ಸಿನ ಬಗ್ಗೆ ಕೇಳಿ ಬಹಳ ಆಸೆಪಟ್ಟಿದ್ದೆ. ನಾನು ವಿಚಾರಿಸಿದ ವರ್ಷ ಅದು ಹಿಂದಿ ಮತ್ತು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಮಾತ್ರ ಸಲೀಸಾಗಿ ಬರೆಯಬಲ್ಲ ನನ್ನ ಸಹೋದ್ಯೋಗಿಗಳಿಗೆ ಬಾಗಿಲು ಮುಚ್ಚುವುದು ಹೆಚ್ಚಾಗಿ ಶುಲ್ಕದ ಕಾರಣಕ್ಕಲ್ಲ, ಭಾಷೆಯ ಕಾರಣಕ್ಕೆ.

ಒಂದು ತರಬೇತಿಯನ್ನು ಮಾತ್ರ ಯಾರೂ ಮುಂದೂಡಬಾರದು. ಸಂಜೆಯ ಹೊತ್ತು, ಶಾಲೆಯ ಆವರಣದಿಂದ ಹೊರಗೆ, ಬೇರೆಯವರ ಮಕ್ಕಳೊಂದಿಗೆ ಇರುವವರು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯನ್ನು ತಿಳಿದಿರಲೇಬೇಕು. ಮಗುವಿನ ಮೇಲೆ ಅಂಥ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ ದೂರು ಕೊಡುವುದು ನಮ್ಮ ಇಚ್ಛೆಗೆ ಬಿಟ್ಟದ್ದಲ್ಲ, ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅದು ಕಡ್ಡಾಯ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು ಅರ್ಧ ದಿನದ ತರಬೇತಿ ಮಾಡಿಸಿಕೊಂಡೆವು. ಅಂದಿನಿಂದ ಯಾವ ಕೇಂದ್ರದಲ್ಲಿಯೂ ಒಬ್ಬರೇ ದೊಡ್ಡವರು ಇರುವಂತಿಲ್ಲ, ಬಾಗಿಲು ಮುಚ್ಚುವಂತಿಲ್ಲ, ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಬೇಕು. ಮುಂದೆ ಹಣ ಕೊಡುವವರು ಮಕ್ಕಳ ರಕ್ಷಣಾ ನೀತಿ ಇದೆಯೇ ಎಂದು ಕೇಳಿದಾಗ ತೋರಿಸಲು ನಮ್ಮ ಬಳಿ ಎರಡು ಪುಟ ಇದ್ದವು, ಆದರೆ ಅದನ್ನು ಅವರಿಗಾಗಿ ಮಾಡಿದ್ದಲ್ಲ.

ಹಣದ ಮಾತು ಪಂಚಾಯಿತಿಯಿಂದ ಆರಂಭವಾಗುತ್ತದೆ. ಮನೆ ಕಂದಾಯದ ರಸೀದಿಯನ್ನು ಗಮನವಿಟ್ಟು ನೋಡಿದವರಿಗೆ ಅದರಲ್ಲಿ ಶೇ. 6ರಷ್ಟು ಗ್ರಂಥಾಲಯ ಕರ ಸೇರಿರುವುದು ಕಾಣುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ಓದುವ ಬೆಳಕು ಕಾರ್ಯಕ್ರಮ ಬಂದು ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅರಿವು ಕೇಂದ್ರವೆಂದು ಕರೆಸಿಕೊಳ್ಳುವ ಆ ಗ್ರಂಥಾಲಯ ನಮ್ಮೂರಿನಲ್ಲಿ ಸಂಜೆಯ ಹೊತ್ತು ಖಾಲಿಯಿರುತ್ತಿತ್ತು, ನನ್ನ ಪಡಸಾಲೆಯಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ. 2022ರ ಮಕ್ಕಳ ಗ್ರಾಮಸಭೆಯಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, "ಲೈಬ್ರರಿ ಸಂಜಿಕ್ ತಗದ್ರ ನಾವು ಅಲ್ಲೇ ಓದತೀವ್ರಿ, ಅಕ್ಕಾರ ಮನ್ಯಾಗ ಕುಂದ್ರಾಕ ಜಾಗಾ ಇಲ್ರಿ" ಎಂದ. ಹಿರಿಯರು ನಕ್ಕರೂ ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು, ಮತ್ತು ನಡಾವಳಿಯಲ್ಲಿ ದಾಖಲಾದದ್ದನ್ನು ಮುಂದಿನ ಸಭೆಯಲ್ಲಿ ಕೇಳಲು ಬರುತ್ತದೆ. ಮೂರು ತಿಂಗಳಲ್ಲಿ ಬೀಗದ ಕೈ, ಎರಡು ಎಲ್‌ಇಡಿ ದೀಪ, ನಾಲ್ಕು ಜಮಖಾನೆ, ಒಂದು ಪುಸ್ತಕದ ರ‍್ಯಾಕು ಬಂದವು. ಕಲಿಸುವವರಿಗೆ ತಿಂಗಳಿಗೆ ಸ್ವಲ್ಪ ಹಣ ಕೊಡಲು ಆಗುತ್ತದೆಯೇ ಎಂದು ಕೇಳಿದಾಗ ಅಭಿವೃದ್ಧಿ ಅಧಿಕಾರಿಯವರು ಹದಿನೈದನೆಯ ಹಣಕಾಸು ಆಯೋಗದ ಮಾರ್ಗಸೂಚಿಯನ್ನೇ ತೆರೆದು ತೋರಿಸಿದರು: ಪಂಚಾಯಿತಿಗೆ ಬರುವ ಅನುದಾನದ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು, ಉಳಿದ ಶೇ. 40ನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದು, ಸಂಬಳಕ್ಕೆ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ರ‍್ಯಾಕಿಗೆ ಹಣವಿತ್ತು, ರ‍್ಯಾಕಿನ ಮುಂದೆ ಕುಳಿತು ಓದಿಸುವವರಿಗೆ ಇರಲಿಲ್ಲ.

ಹೊರಗಿನ ನೆರವು ಬೇಕಾದರೆ ನೋಂದಣಿ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಸದಸ್ಯರು ಸೇರಿ ಸಂಘ ಮಾಡಿಕೊಂಡೆವು. ಆ ಏಳರಲ್ಲಿ ಇಬ್ಬರು ತಾಯಂದಿರು, ಒಬ್ಬ ನಿವೃತ್ತ ಶಿಕ್ಷಕರು ಇರಲೆಂದು ನಾನು ಹಟ ಹಿಡಿದದ್ದು ಒಳ್ಳೆಯದಾಯಿತು. ಸಂಘದ ಸಭೆ ನಿಜವಾಗಿ ನಡೆಯುವುದು ಅವರಿಂದಲೇ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ನೋಂದಣಿ, ಆದಾಯ ತೆರಿಗೆಯ 12ಎ (ಸಂಘದ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ತಾತ್ಕಾಲಿಕ ನೋಂದಣಿ. ಇದಕ್ಕೆ ದಲ್ಲಾಳಿಯೊಬ್ಬರು ಇಪ್ಪತ್ತೆರಡು ಸಾವಿರ ಕೇಳಿದ್ದರು. ಗದಗದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎರಡು ಮಧ್ಯಾಹ್ನ ಕುಳಿತು, ಅವರ ಶುಲ್ಕವನ್ನಷ್ಟೇ ಕೊಟ್ಟು ನಾವೇ ಅರ್ಜಿ ತುಂಬಿದೆವು. 80ಜಿ ಸಿಕ್ಕಿತೆಂದು ಸಂಭ್ರಮಿಸಿ ಸುಮ್ಮನಾಗುವಂತಿರಲಿಲ್ಲ. ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ದಂಡವೆಂದು ಅವರು ಎಚ್ಚರಿಸಿದರು. ಮೊದಲ ವರ್ಷ ಮೇ 29ರ ರಾತ್ರಿ ಹನ್ನೊಂದಕ್ಕೆ ಸಲ್ಲಿಸಿದೆವು, ಏಕೆಂದರೆ ಮೂವರು ದಾನಿಗಳ ಪ್ಯಾನ್ ಸಂಖ್ಯೆಯನ್ನು ಹಣ ತೆಗೆದುಕೊಳ್ಳುವಾಗಲೇ ಕೇಳಿಟ್ಟುಕೊಳ್ಳದ ತಪ್ಪು ನನ್ನದಾಗಿತ್ತು.

2023ರಲ್ಲಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಧಿಗೆ ಕೈಹಾಕಿ ಮೂರು ಕಡೆ ಸೋತೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಖರ್ಚು ಮಾಡಬೇಕು, ಶಿಕ್ಷಣ ಅದರ ಪಟ್ಟಿಯಲ್ಲಿದೆ, ಇಷ್ಟು ಎಲ್ಲರಿಗೂ ಗೊತ್ತು. ಸಂಸ್ಥೆಗೆ ಇಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡು ಸಂಖ್ಯೆ ಪಡೆದಿರಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ಅರ್ಜಿಗಳು ಆ ಕಾರಣಕ್ಕೆ ಹಿಂದಿರುಗಿದವು. ಮೂರನೆಯ ಕಂಪನಿಯವರು ಬೇರೆ ಮಾತಾಡಿದರು: ಟ್ಯಾಬ್ಲೆಟ್ ಇಪ್ಪತ್ತು ಕೊಡುತ್ತೇವೆ, ಶಾಲಾ ಚೀಲ ಕೊಡುತ್ತೇವೆ, ಗೌರವಧನ ಆಡಳಿತ ವೆಚ್ಚವಾಗುವುದರಿಂದ ಅದಕ್ಕೆ ಶೇ. 5ರ ಮಿತಿ ಇದೆ ಎಂದರು. ನಮ್ಮ ಅಂದಾಜು ಪಟ್ಟಿಯಲ್ಲಿ ಮೂವರು ಶಿಕ್ಷಕಿಯರಿಗೆ ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 1,44,000, ಉಳಿದೆಲ್ಲದಕ್ಕೂ ಸೇರಿ 38,000 ಇತ್ತು. ಆ ಮಿತಿಯನ್ನು ಹಾಕಿದರೆ ಕಲಿಸುವವರೇ ಇಲ್ಲದ ಕೇಂದ್ರವೊಂದು ಉಳಿಯುತ್ತಿತ್ತು. ಟ್ಯಾಬ್ಲೆಟ್ಟುಗಳನ್ನು ಬೇಡವೆಂದದ್ದಕ್ಕೆ ನಮ್ಮ ಸಂಘದಲ್ಲಿಯೇ ಇಬ್ಬರು ನನ್ನ ಮೇಲೆ ಮುನಿಸಿಕೊಂಡರು.

ಮುಂದಿನ ಎರಡು ವರ್ಷ ಊರಿನ ಹಣದಲ್ಲಿಯೇ ನಡೆಯಿತು. ಪಾಲಕರಿಂದ ಮಗುವೊಂದಕ್ಕೆ ತಿಂಗಳಿಗೆ ಐವತ್ತು ರೂಪಾಯಿ, ಆಗದವರಿಂದ ಏನೂ ಇಲ್ಲ. ಒಬ್ಬ ತಾಯಿ ಹಣದ ಬದಲು ಪ್ರತಿ ಶುಕ್ರವಾರ ಶೇಂಗಾ ಹುರಿದು ಕಳಿಸುತ್ತಿದ್ದಳು. ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ಕೆಲಸದಲ್ಲಿರುವ ನಮ್ಮೂರಿನವರು ವರ್ಷಕ್ಕೊಮ್ಮೆ ಜಾತ್ರೆಗೆ ಬಂದಾಗ ಹಾಜರಿ ಪುಸ್ತಕ ಮತ್ತು ಓದಿನ ಪಟ್ಟಿಯನ್ನು ಮುಂದಿಟ್ಟು ಕೇಳಿದೆವು. ವಿದೇಶದಲ್ಲಿರುವವರ ವಿಷಯದಲ್ಲಿ ಎಚ್ಚರ ಬೇಕಾಯಿತು. ದುಬೈನಲ್ಲಿರುವ, ಭಾರತದ ಪಾಸ್‌ಪೋರ್ಟನ್ನೇ ಹೊಂದಿರುವ ನಮ್ಮೂರಿನ ಒಬ್ಬರು ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುವುದಿಲ್ಲ. ಅಮೆರಿಕದ ಪೌರತ್ವ ಪಡೆದಿರುವ ಅವರ ಅಣ್ಣ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುತ್ತದೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿಲ್ಲದೆ ತೆಗೆದುಕೊಳ್ಳುವಂತಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರ ಹಣ ಸಲ್ಲುತ್ತದೆ, ಇನ್ನೊಬ್ಬರದು ಸಲ್ಲುವುದಿಲ್ಲ ಎಂದು ಆ ತಾಯಿಗೆ ಅರ್ಥಮಾಡಿಸುವುದು ನನ್ನ ಕೆಲಸಗಳಲ್ಲಿಯೇ ಕಠಿಣವಾದದ್ದು. "ಇಬ್ರೂ ನಾ ಹಡದವ್ರ ಅದಾರವಾ" ಎಂದಳು ಅವಳು, ನನ್ನ ಬಳಿ ಉತ್ತರವಿರಲಿಲ್ಲ.

ಸಂಘಕ್ಕೆ ಮೂರು ವರ್ಷ ತುಂಬಿದ ಮೇಲೆ, 2025ರಲ್ಲಿ, ಮತ್ತೆ ಅರ್ಜಿ ಬರೆದೆ. ಈ ಸಲ ನಿಯಮಗಳನ್ನು ನಾನೇ ಓದಿದ್ದೆ. ಶೇ. 5ರ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ಕೆಲಸದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ಯೋಜನೆಯೊಂದರ ಅನುಷ್ಠಾನಕ್ಕೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲವೆಂದು 2021ರ ತಿದ್ದುಪಡಿ ನಿಯಮಗಳ ವ್ಯಾಖ್ಯೆಯಲ್ಲಿಯೇ ಇದೆ. ಸಂಜೆ ಕೇಂದ್ರದಲ್ಲಿ ಕಲಿಸುವವಳ ಗೌರವಧನವೇ ಅನುಷ್ಠಾನವಲ್ಲದೆ ಮತ್ತೇನು? ಆ ವ್ಯಾಖ್ಯೆಯನ್ನು ಅರ್ಜಿಯಲ್ಲಿ ಉಲ್ಲೇಖಿಸಿ, ಗೌರವಧನದ ಸಾಲನ್ನು ಪಟ್ಟಿಯ ಕೊನೆಯಿಂದ ಎತ್ತಿ ಮೊದಲಿಗೆ ಇಟ್ಟು, ಅದರ ಪಕ್ಕದಲ್ಲಿ ಪ್ರತಿ ಕೇಂದ್ರದ ಹಾಜರಿಯನ್ನೂ ಆರಾರು ತಿಂಗಳಿಗೊಮ್ಮೆ ಮಾಡಿದ ಓದಿನ ಪರೀಕ್ಷೆಯ ಫಲಿತಾಂಶವನ್ನೂ ಬರೆದೆ. ಫಲಿತಾಂಶದಲ್ಲಿ ಹಿನ್ನಡೆಯಾದ ಆರು ತಿಂಗಳನ್ನೂ, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಬರಲಿಲ್ಲವೆಂಬ ಕಾರಣದೊಂದಿಗೆ, ಹಾಗೆಯೇ ಬಿಟ್ಟೆ. ಭೇಟಿಗೆ ಬಂದ ಕಂಪನಿಯ ಅಧಿಕಾರಿ ಹೆಚ್ಚು ಹೊತ್ತು ಪ್ರಶ್ನೆ ಕೇಳಿದ್ದು ಆ ಹಿನ್ನಡೆಯ ಬಗ್ಗೆಯೇ. ಮೂವರಲ್ಲಿ ಇಬ್ಬರ ಗೌರವಧನ ಎರಡು ವರ್ಷಕ್ಕೆ ಮಂಜೂರಾಯಿತು. ಮೂರನೆಯವರದು ಇಂದಿಗೂ ಪಾಲಕರ ಐವತ್ತು ರೂಪಾಯಿ ಮತ್ತು ಜಾತ್ರೆಯ ದೇಣಿಗೆಯಿಂದ ಹೋಗುತ್ತದೆ.

ಆ ಮೂರನೆಯವಳು, ಬೆರಳನ್ನು ತಪ್ಪು ಸಾಲಿನ ಮೇಲೆ ಇಟ್ಟು ಪದ್ಯ ಹೇಳಿದ್ದ ಹುಡುಗಿಯ ಅಕ್ಕ. ಗದಗದಲ್ಲಿ ಪದವಿ ಓದುತ್ತಾ ಸಂಜೆ ಐದೂವರೆಯ ಬಸ್ಸಿಗೆ ಮರಳಿ ನೇರವಾಗಿ ಅರಿವು ಕೇಂದ್ರಕ್ಕೆ ಬರುತ್ತಾಳೆ. ಈ ಸಲದ ಲೆಕ್ಕದ ಪ್ರಕಾರ ಅವಳಿಗೆ ಕೊಡುವ ಹಣ ಆಗಸ್ಟ್‌ವರೆಗೆ ಸಾಕು. ಸೆಪ್ಟೆಂಬರಿನಿಂದ ಮುಂದಿನದಕ್ಕೆ ಸಹಕಾರಿ ಸಂಘವೊಂದಕ್ಕೆ ಬರೆಯುತ್ತಿರುವ ಪತ್ರದ ಎರಡನೆಯ ಪುಟ ಇನ್ನೂ ಮುಗಿದಿಲ್ಲ.