ಯೊಸೆಮಿಟಿಯ ಫೋಟೋ ಕಾರ್ಯಾಗಾರಕ್ಕೆ ಹೊರಟವರಿಗೆ

"ಯಾವ ಲೆನ್ಸ್ ತಗೊಂಡು ಹೋಗ್ಲಿ?" ಏಪ್ರಿಲ್ ಬಂತು ಅಂದರೆ ಬೇ ಏರಿಯಾದ ನಮ್ಮ ಕನ್ನಡದವರಲ್ಲಿ ಯಾರಾದರೂ ಒಬ್ಬರು ಫೋನ್ ಮಾಡಿ ಹೀಗೆ ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ವಸಂತದ ಫೋಟೋ ಕಾರ್ಯಾಗಾರಕ್ಕೆ ದುಡ್ಡು ಕಟ್ಟಿ ಆಗಿರುತ್ತದೆ. ಈಗ ಹೊಸ ಲೆನ್ಸಿಗೂ ಕೈ ತುರಿಸುತ್ತಿರುತ್ತದೆ. ಇರುವ ಲೆನ್ಸ್ ಸಾಕು ಅಂತ ಹೇಳುತ್ತೇನೆ. ಅದರ ಬದಲು ನಕ್ಷೆ ಬಿಡಿಸಿ, ಕಣಿವೆಯಲ್ಲಿ ಪೂರ್ವ ಯಾವ ಕಡೆ ಅಂತ ನೋಡಿಕೊಳ್ಳಿ.

ಯಾಕೆ ಅಂದರೆ, ಆ ಕಣಿವೆ ಹೆಚ್ಚುಕಮ್ಮಿ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿದೆ. ಎರಡೂ ಕಡೆ ಗ್ರಾನೈಟ್ ಗೋಡೆ. ಎಲ್ ಕ್ಯಾಪಿಟನ್ ಬಂಡೆ ಒಂದೇ ಸುಮಾರು 3,000 ಅಡಿ. ಹಾಗಾಗಿ ಒಂದೊಂದು ಬಂಡೆಗೂ ಒಂದೊಂದು ಜಲಪಾತಕ್ಕೂ ಬಿಸಿಲು ಬೀಳುವ ಹೊತ್ತು ಬೇರೆ. ಇಡೀ ಕಣಿವೆ ಕಾಣುವ ಟನಲ್ ವ್ಯೂ ಅನ್ನೋ ಜಾಗದಲ್ಲಿ ನಿಂತರೆ ನೀವು ಪೂರ್ವಕ್ಕೆ ಮುಖ ಮಾಡಿರುತ್ತೀರಿ. ಬೆಳಿಗ್ಗೆ ಸೂರ್ಯ ನೇರ ಕ್ಯಾಮೆರಾದೊಳಗೆ ಬರುತ್ತಾನೆ, ಬಂಡೆಗಳೆಲ್ಲ ಕಪ್ಪು. ಕೆಳಗೆ ಮಂಜು ಇದ್ದರೆ ಅದೂ ಚೆಂದವೇ. ಇಲ್ಲದಿದ್ದರೆ ಆ ಜಾಗವನ್ನು ಸಂಜೆಗೆ ಇಟ್ಟುಕೊಳ್ಳಿ. ಬಿಸಿಲು ಬೆನ್ನ ಹಿಂದೆ ಬಂದಾಗ ಬ್ರೈಡಲ್‌ವೇಲ್ ಜಲಪಾತದ ಬುಡದಲ್ಲಿ ಕಾಮನಬಿಲ್ಲೂ ಮೂಡುತ್ತದೆ. ಯೊಸೆಮಿಟಿ ಜಲಪಾತಕ್ಕೆ ಬೆಳಗಿನ ಬಿಸಿಲು ಒಳ್ಳೆಯದು. ಹಾಫ್ ಡೋಮ್ ಬಂಡೆಯ ಮುಖ ಕೆಂಪಗಾಗುವುದು ಸೂರ್ಯ ಮುಳುಗುವಾಗ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿ ಹಾಕಿಕೊಂಡರೆ ಅರ್ಧ ಕಾರ್ಯಾಗಾರ ಮುಗಿದ ಹಾಗೆ.

1927ರ ಏಪ್ರಿಲ್‌ನಲ್ಲಿ ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಹಾಫ್ ಡೋಮ್‌ನ ಹೆಸರಾಂತ ಫೋಟೋ ತೆಗೆದರಲ್ಲ, ಆಗ ಹಿಮದಲ್ಲಿ ಹತ್ತಿ ಮೇಲೆ ಹೋದ ಅವರ ಹತ್ತಿರ ಉಳಿದಿದ್ದು ಎರಡೇ ಗಾಜಿನ ಪ್ಲೇಟು, ಅಂದರೆ ಎರಡೇ ಫೋಟೋಗೆ ಅವಕಾಶ. ಬಂಡೆಯ ಮುಖಕ್ಕೆ ಬಿಸಿಲು ತಿರುಗುವ ತನಕ ಕಾದರು. ಮೊದಲನೆಯದಕ್ಕೆ ಹಳದಿ ಫಿಲ್ಟರ್ ಹಾಕಿದರು. ಆಕಾಶ ಇನ್ನೂ ಕಪ್ಪಾಗಬೇಕು ಅನ್ನಿಸಿ ಎರಡನೆಯದಕ್ಕೆ ಕೆಂಪು ಫಿಲ್ಟರ್ ಹಾಕಿದರು. ನಮ್ಮ ಕಾರ್ಡಿನಲ್ಲಿ ಸಾವಿರಾರು ಫೋಟೋ ಹಿಡಿಸುತ್ತವೆ, ಕಾಯುವುದು ಮಾತ್ರ ಯಾರಿಗೂ ಬೇಡ.

ಇನ್ನು ನೀರಿನ ವಿಷಯ. ನಾನು ಸಾಗರದ ಕಡೆಯವನು, ಜೋಗ ನೋಡಿಕೊಂಡೇ ಬೆಳೆದವನು. ಜೋಗ ತುಂಬಿ ಬೀಳುವುದು ಮಳೆಗಾಲದಲ್ಲಿ. ನೀರು ಜೋರಾದಷ್ಟೂ ಮೋಡ, ಮಂಜು ಜಾಸ್ತಿಯಾಗಿ ಜಲಪಾತವೇ ಮುಚ್ಚಿಹೋಗುತ್ತದೆ, ಅಲ್ವಾ? ಇಲ್ಲಿ ಆ ತಾಪತ್ರಯ ಕಮ್ಮಿ. ಮೂರು ಹಂತದಲ್ಲಿ 2,425 ಅಡಿ ಇಳಿಯುವ ಯೊಸೆಮಿಟಿ ಜಲಪಾತಕ್ಕೆ ಹಿಮ ಕರಗಿದ ನೀರೇ ಆಧಾರ. ಹಾಗಾಗಿ ಮೇ ತಿಂಗಳಲ್ಲಿ ತುಂಬಿದ ನೀರೂ ನೀಲಿ ಆಕಾಶವೂ ಒಟ್ಟಿಗೆ ಸಿಗುತ್ತವೆ. ಆಗಸ್ಟ್‌ಗೆ ಹೋದರೆ ಬರೀ ಒದ್ದೆ ಗುರುತು ಕಾಣಬಹುದು. ಮೇಲೆ ಹಗಲು ಕರಗಿದ ಹಿಮ ಕಣಿವೆಗೆ ಬಂದು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದಕ್ಕೇ ಕಣಿವೆಯಲ್ಲಿ ಹರಿಯುವ ಮರ್ಸೆಡ್ ನದಿ ರಾತ್ರಿ ಏರುತ್ತದೆ. ದಡದ ಬಂಡೆಗಳು ಜಾರುತ್ತವೆ, ನೀರು ಮರಗಟ್ಟಿಸುವಷ್ಟು ತಣ್ಣಗೆ. ಒಳ್ಳೆ ಫ್ರೇಮ್ ಸಿಗುತ್ತೆ ಅಂತ ಒದ್ದೆ ಬಂಡೆಯ ಮೇಲೆ ಕಾಲಿಡಬೇಡಿ.

ಲೋವರ್ ಯೊಸೆಮಿಟಿ ಜಲಪಾತದ, ಅಂದರೆ ಆ ಮೂರರಲ್ಲಿ ಕೆಳಗಿನ ಹಂತದ, ಎದುರಿನ ಸೇತುವೆಯಲ್ಲಿ ಹೊಸಬರು ಒದ್ದಾಡುವುದನ್ನು ನೋಡಬೇಕು. ವಸಂತದಲ್ಲಿ ಅಲ್ಲಿ ಸುಮ್ನೆ ನಿಂತರೂ ನೆನೆಯುತ್ತೀರಿ. ಕೆಲಸ ಹೀಗೆ ಮಾಡಿ. ಸೇತುವೆಗೆ ಬರುವ ಮುಂಚೆಯೇ, ಒಣ ಜಾಗದಲ್ಲಿ, ಸೆಟ್ಟಿಂಗ್ ಎಲ್ಲ ಮುಗಿಸಿಕೊಳ್ಳಿ. ಹೋಟೆಲಿನಲ್ಲಿ ಕೊಡುವ ಶವರ್ ಕ್ಯಾಪನ್ನು ಕ್ಯಾಮೆರಾಗೆ ಮುಂದಿನಿಂದ ತೊಡಿಸಿ. ಟ್ರೈಪಾಡ್ ಊರಿ, ಕ್ಯಾಪ್ ಒಂದು ಕ್ಷಣ ಸರಿಸಿ, ಹೊಳೆಯುವ ಬಂಡೆಯ ಅಂಚಿಗೆ ಫೋಕಸ್ ಮಾಡಿ, ಫೋಕಸನ್ನು ಮ್ಯಾನುಯಲ್‌ಗೆ ಹಾಕಿ ಮುಚ್ಚಿಬಿಡಿ. ಈಗ ಕ್ಯಾಮೆರಾ ಬಿಟ್ಟು ಗಾಳಿ ನೋಡಿ. ಹನಿಗಳು ಅಲೆಯಲೆಯಾಗಿ ಬರುತ್ತವೆ, ನಡುವೆ ಒಂದೆರಡು ಕ್ಷಣ ಬಿಡುವು ಕೊಡುತ್ತವೆ. ಆ ಬಿಡುವಿನಲ್ಲಿ ಕ್ಯಾಪ್ ತೆಗೆದು, ಲೆನ್ಸ್ ಒರೆಸಿ, ಒತ್ತಿ. ಮತ್ತೆ ಮುಚ್ಚಿ. ಒರೆಸುವ ಬಟ್ಟೆ ಒಂದು ಸಾಲದು. ಮೂರು ನಾಲ್ಕನ್ನು ಜಿಪ್‌ಲಾಕ್ ಕವರಿನಲ್ಲಿ ಇಟ್ಟು ಜೇಬಿನಲ್ಲಿ ಹಾಕಿಕೊಳ್ಳಿ.

ಶಟರ್ ಬಗ್ಗೆ ನನ್ನದೊಂದು ಹಟ ಇದೆ. ಜಲಪಾತ ಅಂದ ಕೂಡಲೇ ಎಲ್ಲರೂ ನಿಧಾನ ಶಟರ್ ಇಟ್ಟು ನೀರನ್ನು ಹತ್ತಿಯ ಹಾಗೆ ಮಾಡಿಬಿಡುತ್ತಾರೆ. ಸಣ್ಣ ತೊರೆಗೆ ಕಾಲು ಸೆಕೆಂಡ್, ಅರ್ಧ ಸೆಕೆಂಡ್ ಸರಿ. ಆದರೆ ಮೇ ತಿಂಗಳ ದೊಡ್ಡ ಜಲಪಾತದ ಅಬ್ಬರ ಹಾಗೆ ತೋರುವುದಿಲ್ಲ. 1/500 ಸೆಕೆಂಡಿನಲ್ಲಿ ತೆಗೆದು ನೋಡಿ, ನೀರು ಬಾಣದ ಮೊನೆಗಳಾಗಿ ಕೆಳಗೆ ಬರುವುದು ಕಾಣುತ್ತದೆ. ಬಿಳಿ ನೀರು ಸುಟ್ಟುಹೋಗದ ಹಾಗೆ, ಅಂದರೆ ವಿವರವೇ ಇಲ್ಲದೆ ಬರೀ ಬಿಳಿಯಾಗದ ಹಾಗೆ, ಕ್ಯಾಮೆರಾದಲ್ಲಿ ಕತ್ತಲು ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಗ್ರಾಫಿನ ಬಲತುದಿಯ ಮೇಲೆ ಕಣ್ಣಿರಲಿ. ಕಾಮನಬಿಲ್ಲು ಇದ್ದರೆ, ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ತಿರುಗಿಸಿದರೆ ಬಣ್ಣ ಗಾಢವಾಗುತ್ತದೆ, ಇನ್ನೊಂದು ಕಡೆಗೆ ಬಿಲ್ಲೇ ಮಾಯ. ಇದನ್ನು ಗಮನಿಸದೆ "ಕಾಮನಬಿಲ್ಲು ಹೋಯ್ತು" ಅಂತ ಬ್ಯಾಗ್ ಕಟ್ಟುವವರು ಇದ್ದಾರೆ.

ಮೋಡ ಕವಿದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಡಾಗ್‌ವುಡ್‌ನ ದಿನ. ಏಪ್ರಿಲ್ ಕೊನೆಯಿಂದ ಮೇ ತನಕ ಕಣಿವೆಯ ಕಾಡಿನಲ್ಲಿ ಈ ಮರಗಳು ಬಿಳಿ ಹೂ ಬಿಡುತ್ತವೆ. ಎಸಳು ಅಂತ ನಾವು ಅಂದುಕೊಳ್ಳುವುದು ನಿಜವಾಗಿ ಒಂದು ಬಗೆಯ ಎಲೆ. ಹೂವುಗಳು ನಡುವಿನ ಸಣ್ಣ ಗುಂಡನೆಯ ಗೊಂಚಲಿನಲ್ಲಿರುತ್ತವೆ. ಅದಕ್ಕೇ ಫೋಕಸ್ ಅಲ್ಲಿಗೆ ಮಾಡಿ. ಫರ್ನ್ ಸ್ಪ್ರಿಂಗ್, ಪೊಹೊನೊ ಸೇತುವೆ ಸುತ್ತಮುತ್ತ ಹುಡುಕಿ. ಬಿಸಿಲಿನಲ್ಲಿ ಬಿಳಿ ಸುಡುತ್ತದೆ, ಹಿಂದೆ ಕಪ್ಪು ನೆರಳು ಚೂರುಚೂರಾಗಿ ಬೀಳುತ್ತದೆ. ಮೋಡದಲ್ಲಿ ಎಲ್ಲ ಮೆತ್ತಗೆ. ತೆಳು ಕೊಂಬೆಗಳು ಸಣ್ಣ ಗಾಳಿಗೂ ಅಲ್ಲಾಡುತ್ತವೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, 800ಕ್ಕೆ ಏರಿಸಿ, ಶಟರ್ 1/125ಕ್ಕಿಂತ ಕೆಳಗೆ ಇಳಿಸಬೇಡಿ. ಕೊಂಬೆ ಬಗ್ಗಿಸುವುದು, ಕಟ್ಟಿಹಾಕುವುದು ಬೇಡವೇ ಬೇಡ.

ಹಾಫ್ ಡೋಮ್ ಪ್ರತಿಬಿಂಬಕ್ಕೆ ಎಲ್ಲರೂ ಸೆಂಟಿನೆಲ್ ಸೇತುವೆಗೆ ಓಡುತ್ತಾರೆ. ತುಂಬಿದ ನದಿ ಓಡುತ್ತಿರುವಾಗ ಪ್ರತಿಬಿಂಬ ಒಡೆದುಹೋಗುತ್ತದೆ. ಅದರ ಬದಲು, ಹುಲ್ಲುಗಾವಲಿನಲ್ಲಿ ನೀರು ನಿಂತಿದೆಯಾ ನೋಡಿ, ಕುಕ್ಸ್ ಮೆಡೊದಲ್ಲಿ ಮರದ ಹಾದಿಯ ಮೇಲಿಂದಲೇ ತೆಗೆಯಬಹುದು.

ಹುಣ್ಣಿಮೆ ಹತ್ತಿರವಿದ್ದರೆ ಮೂನ್‌ಬೋ, ಅಂದರೆ ಬೆಳದಿಂಗಳಿನ ಕಾಮನಬಿಲ್ಲು. ಲೋವರ್ ಜಲಪಾತದ ಅದೇ ಸೇತುವೆಯಲ್ಲಿ ಕಾಣುತ್ತದೆ. ಚಂದ್ರ ನಿಮ್ಮ ಬೆನ್ನ ಹಿಂದೆ, 42 ಡಿಗ್ರಿಗಿಂತ ಕೆಳಗಿರಬೇಕು. ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಖಗೋಳ ತಜ್ಞರು ಇದರ ಲೆಕ್ಕ ಹಾಕಿ ಸಮಯ ಪ್ರಕಟಿಸಿದ್ದಾರೆ, ಹುಡುಕಿಕೊಳ್ಳಿ. ಬರಿಗಣ್ಣಿಗೆ ಬೂದು ಪಟ್ಟಿ ಕಂಡು ನಿರಾಸೆಯಾಗುತ್ತದೆ. ಲೆನ್ಸಿನ ಕಿಂಡಿ ಎಫ್ 2.8, ಐಎಸ್‌ಒ 1600, ಶಟರ್ ಹತ್ತು ಹದಿನೈದು ಸೆಕೆಂಡ್ ಇಟ್ಟರೆ ಕ್ಯಾಮೆರಾ ಬಣ್ಣ ಹೊರತೆಗೆಯುತ್ತದೆ. ಹಣೆಯ ದೀಪ ಕೆಂಪಿಗೆ ಹಾಕಿಕೊಳ್ಳಿ. ಪಕ್ಕದವರ ಫೋಟೋಗೆ ನಿಮ್ಮ ಬಿಳಿ ಬೆಳಕು ಬಿದ್ದರೆ ಬೈಸಿಕೊಳ್ಳುತ್ತೀರಿ.

ಇನ್ನೂ ದುಡ್ಡು ಕಟ್ಟಿಲ್ಲದವರಿಗೆ ಒಂದು ಮಾತು: ಒಬ್ಬ ಮೇಷ್ಟ್ರಿಗೆ ಎಷ್ಟು ಜನ, ಫೋಟೋ ವಿಮರ್ಶೆಗೆ ಸಮಯ ಇದೆಯಾ, ಪಾರ್ಕಿನ ಪರವಾನಗಿ ಇದೆಯಾ ಅಂತ ಕೇಳಿ. ದಿನವಿಡೀ ಜಾಗದಿಂದ ಜಾಗಕ್ಕೆ ಓಡಿಸುವ ಪಟ್ಟಿ ಕೊಟ್ಟರೆ ನಾನಂತೂ ಸೇರಲ್ಲ. ಎತ್ತರದ ಬೆಟ್ಟಗಳ ಮೇಲೆ ಹಾಯುವ ಟಯೋಗಾ ರಸ್ತೆ ತೋರಿಸ್ತೀವಿ ಅಂತ ಏಪ್ರಿಲ್‌ನಲ್ಲಿ ಹೇಳಿದರೂ ನಂಬಬೇಡಿ, ಹಿಮದಿಂದ ಅದು ಸಾಮಾನ್ಯವಾಗಿ ಮೇ ಕೊನೆಯ ತನಕವಾದರೂ ಮುಚ್ಚಿರುತ್ತದೆ. ಡ್ರೋನ್ ಮನೆಯಲ್ಲೇ ಇರಲಿ, ಪಾರ್ಕಿನಲ್ಲಿ ನಿಷೇಧ. ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ, ಮೊದಲೇ ತುಂಬಿಸಿಕೊಳ್ಳಿ. ಏಪ್ರಿಲ್ ಆದರೆ ಹಿಮದ ರಸ್ತೆಗೆ ಟೈರ್ ಚೈನೂ ಬೇಕಾಗಬಹುದು.

ಊಟಕ್ಕೆ ನಮ್ಮವರು ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗುವುದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗುವಾಗ ಅದೇ ಕೈ ಹಿಡಿಯುತ್ತದೆ. ಆದರೆ ಕತ್ತಲಾದ ಮೇಲೆ ಅದನ್ನು ಕಾರಿನಲ್ಲಿ ಬಿಡುವ ಹಾಗಿಲ್ಲ. ಕರಡಿ ವಾಸನೆ ಹಿಡಿದು ಬಾಗಿಲು ಕಿತ್ತು ಒಳಗೆ ಬರುತ್ತದೆ. ಕ್ಯಾಂಪಿನಲ್ಲಿದ್ದರೆ ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಸಮೇತ ಎಲ್ಲವನ್ನೂ ಅಲ್ಲಿನ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಚಿಲಕ ಹಾಕಿ. ಕ್ಯಾಮೆರಾ ಬ್ಯಾಗಿನ ಪಕ್ಕದ ಜೇಬನ್ನೂ ಒಮ್ಮೆ ತಡಕಿ. ತಿಂದು ಉಳಿದ ಚಿಕ್ಕಿ ತುಂಡು ಅಲ್ಲೇ ಇರುತ್ತದೆ.