ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯುವಾಗ ಕೇಳಿಸಿಕೊಳ್ಳುವುದು ಹೇಗೆ?

ನಮ್ಮಜ್ಜಿ ಹಾಡಿದ ಸೋಬಾನೆ ಪದಗಳ ಒಂದು ಕ್ಯಾಸೆಟ್ ಮನೆಯಲ್ಲಿದೆ. ಮದುವೆಮನೆಯ ಜಗಲಿಯಲ್ಲಿ ಮಾವ ರೆಕಾರ್ಡ್ ಮಾಡಿದ್ದು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಲು ಕೂತ ದಿನ ಪರದೆಯ ಮೇಲೆ ಅಲೆಗಳು ಏಳುತ್ತಿದ್ದವು. ಸರಿಯಾಗಿದೆ ಅಂದುಕೊಂಡು ಅರ್ಧ ಗಂಟೆ ಹಾಗೇ ಬಿಟ್ಟೆ. ಆಮೇಲೆ ಕೇಳಿದರೆ ಅಜ್ಜಿಯ ದನಿಯೇ ಇಲ್ಲ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ ಅಷ್ಟೇ. ಲ್ಯಾಪ್‌ಟಾಪ್ ತನ್ನ ಮೈಕಿನಿಂದ ಕೋಣೆಯ ಸದ್ದು ಹಿಡಿದಿತ್ತು. ಹಳೇ ರೀಲು ಎಷ್ಟು ಸಲ ಓಡೀತು ಹೇಳಲಾಗದು, ಅಲ್ವಾ? ಅದಕ್ಕೇ ರೆಕಾರ್ಡ್ ಆಗುವಾಗಲೇ ಕೇಳಬೇಕು.

ಕೇಳಿಸದೆ ಇರುವುದಕ್ಕೆ ಕಾರಣ ಸರಳ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿಗೆ ವೈರ್ ಚುಚ್ಚಿದ ಕೂಡಲೇ ಅದರ ಸ್ಪೀಕರ್ ಬಂದ್ ಆಗುತ್ತದೆ. ಸದ್ದೆಲ್ಲ ಕಂಪ್ಯೂಟರಿಗೆ ಹೋಗುತ್ತದೆ. ಆದರೆ ಬಂದ ಸದ್ದನ್ನು ಕಂಪ್ಯೂಟರ್ ತಾನಾಗಿ ಹೊರಗೆ ಕೇಳಿಸುವುದಿಲ್ಲ, ನಾವು ಹೇಳಬೇಕು.

ಮೊದಲು ಜೋಡಣೆ. ಎರಡೂ ತುದಿಗೆ 3.5 ಎಂಎಂ ಪಿನ್ ಇರುವ ಸ್ಟೀರಿಯೊ ವೈರ್ ಸಾಕು. ಡೆಸ್ಕ್‌ಟಾಪ್ ಆದರೆ ಹಿಂದಿರುವ ನೀಲಿ ತೂತು, ಅಂದರೆ ಬೇರೆ ಯಂತ್ರದ ಸದ್ದು ಒಳಗೆ ತರುವ ಲೈನ್ ಇನ್. ಗುಲಾಬಿ ಬಣ್ಣದ್ದು ಮೈಕಿಗೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಒಂದೇ ತೂತು ಇರುತ್ತದೆ. ಅದು ಮೊಬೈಲ್ ಹೆಡ್‌ಸೆಟ್ಟಿಗೆಂದು ಮಾಡಿದ್ದು, ಸಾದಾ ಸ್ಟೀರಿಯೊ ವೈರ್ ಚುಚ್ಚಿದರೆ ಟೇಪಿನ ಸದ್ದು ಒಳಗೆ ಹೋಗುವುದಿಲ್ಲ. ನನಗೆ ಆದದ್ದೂ ಇದೇ. ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ಮೈಕ್ ತೂತು ಮಾತ್ರ ಇರುವುದು ಬೇಡ.

ಆಮೇಲೆ ಆಡಾಸಿಟಿ ಹಾಕಿಕೊಳ್ಳಿ. ಅದು ಸದ್ದು ರೆಕಾರ್ಡ್ ಮಾಡುವ ಉಚಿತ ಸಾಫ್ಟ್‌ವೇರ್. ರೆಕಾರ್ಡಿಂಗ್ ಡಿವೈಸ್ ಜಾಗದಲ್ಲಿ ಲೈನ್ ಇನ್ ಅಥವಾ ಆ ಯುಎಸ್‌ಬಿ ಕಾರ್ಡನ್ನೇ ಆರಿಸಿ, ಎರಡು ಚಾನೆಲ್ ಇರಲಿ. ಲ್ಯಾಪ್‌ಟಾಪನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಅಲೆ ಎದ್ದರೆ ಇನ್ನೂ ಒಳಗಿನ ಮೈಕೇ ಕೆಲಸ ಮಾಡುತ್ತಿದೆ ಎಂದರ್ಥ.

ಈಗ ಕೇಳುವ ದಾರಿ. ಆಡಾಸಿಟಿಯ ಪ್ರಿಫರೆನ್ಸಸ್‌ನಲ್ಲಿ ರೆಕಾರ್ಡಿಂಗ್ ಎಂಬ ಭಾಗವಿದೆ. ಹಳೇ ಆವೃತ್ತಿಗಳಲ್ಲಿ ಅಲ್ಲಿ ಸಾಫ್ಟ್‌ವೇರ್ ಪ್ಲೇಥ್ರೂ ಎಂದಿರುತ್ತದೆ, ಹೊಸದರಲ್ಲಿ ಆಡಿಬಲ್ ಇನ್‌ಪುಟ್ ಮಾನಿಟರಿಂಗ್. ಅದಕ್ಕೆ ಟಿಕ್ ಹಾಕಿ. ವಿಂಡೋಸ್‌ನಲ್ಲೇ ಮಾಡುವುದಾದರೆ ಸೌಂಡ್ ಸೆಟ್ಟಿಂಗಿನ ರೆಕಾರ್ಡಿಂಗ್ ಪಟ್ಟಿಗೆ ಹೋಗಿ. ಲೈನ್ ಇನ್‌ನ ಪ್ರಾಪರ್ಟೀಸ್ ತೆರೆದು, ಲಿಸನ್ ಎಂಬಲ್ಲಿ ‘ಲಿಸನ್ ಟು ದಿಸ್ ಡಿವೈಸ್’ ಗುರುತು ಹಾಕಿ. ಎರಡನ್ನೂ ಒಟ್ಟಿಗೆ ಹಾಕಬೇಡಿ, ಒಂದೇ ಹಾಡು ಎರಡೆರಡು ಸಲ ಕೇಳುತ್ತದೆ. ಸದ್ದು ಕ್ಷಣದಷ್ಟು ತಡವಾಗಿ ಬಂದರೆ ಗಾಬರಿ ಬೇಡ, ಫೈಲಿನಲ್ಲಿ ಅದು ಸೇರುವುದಿಲ್ಲ.

ಇದೆಲ್ಲ ತಲೆನೋವು ಅನಿಸಿದರೆ ಇನ್ನೊಂದು ದಾರಿಯಿದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಒಂದು ಪಿನ್ನಿಗೆ ಎರಡು ತೂತು ಬರುವ ಸ್ಪ್ಲಿಟರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಟೇಪ್‌ರೆಕಾರ್ಡರಿಗೇ ಹಾಕಿ. ಒಂದು ಕವಲು ಕಂಪ್ಯೂಟರಿಗೆ, ಇನ್ನೊಂದು ನಿಮ್ಮ ಇಯರ್‌ಫೋನಿಗೆ. ಕೇಳಲು ಯಾವ ಸೆಟ್ಟಿಂಗೂ ಬೇಡ, ತಡವೂ ಇಲ್ಲ. ಆದರೆ ಟೇಪಿನ ಸದ್ದಷ್ಟೇ ಕೇಳುತ್ತದೆ. ಕಂಪ್ಯೂಟರಿಗೆ ಅದು ಹೋಯಿತೋ ಇಲ್ಲವೋ ನೋಡಲು ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಹಾಕಿ ಕೇಳಿ. ಈ ಒಂದು ನಿಮಿಷವನ್ನು ಯಾವತ್ತೂ ಬಿಡಬೇಡಿ.

ಸದ್ದಿನ ಮಟ್ಟವನ್ನು ಟೇಪ್‌ರೆಕಾರ್ಡರಿನ ವಾಲ್ಯೂಮಿನಿಂದ ಹೊಂದಿಸಿ. ಹಾಡಿನ ಅತಿ ಜೋರಾದ ಜಾಗದಲ್ಲೂ ಆಡಾಸಿಟಿಯ ಮೀಟರ್ ಮೈನಸ್ 6 ಡಿಬಿ ಆಸುಪಾಸಿನಲ್ಲಿ ನಿಲ್ಲಬೇಕು. ಮೀಟರಿನ ತುದಿಯ ಸೊನ್ನೆಗೆ ತಾಗಿ ಒಡೆದ ದನಿಯನ್ನು ಆಮೇಲೆ ಪೂರ್ತಿ ಸರಿಮಾಡಲಾಗದು. ಕಡಿಮೆಯಿದ್ದದ್ದನ್ನು ಏರಿಸಬಹುದು.

ಕಿವಿ ಕೊಟ್ಟು ಕೂತರೆ ಮೀಟರ್ ಹೇಳದ ಸಂಗತಿಗಳೂ ತಿಳಿಯುತ್ತವೆ. ಗುಂಯ್ ಎಂಬ ಸದ್ದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ. ಹಾಡು ನೀರೊಳಗಿಂದ ಬಂದಂತೆ ಏರಿಳಿದರೆ ವಿಂಡೋಸ್‌ನ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಅದು ಮಾತಿಗಾಗಿ ಮಾಡಿದ್ದು, ತಂಬೂರಿಯ ಶ್ರುತಿಯನ್ನೂ ಗದ್ದಲವೆಂದು ತೆಗೆದುಹಾಕಬಹುದು. ದನಿ ಮಂಕಾಗಿದ್ದರೆ ಟೇಪ್‌ರೆಕಾರ್ಡರಿನ ಹೆಡ್ಡಿನಲ್ಲಿ, ಅಂದರೆ ರೀಲು ಉಜ್ಜಿಕೊಂಡು ಹೋಗುವ ಲೋಹದ ಭಾಗದಲ್ಲಿ, ಕೊಳೆ ಕೂತಿರಬಹುದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆತ್ತಗೆ ಒರೆಸಿ, ಒಣಗಿದ ಮೇಲೆ ಹಾಕಿ. ರೀಲು ಕಿರಗುಟ್ಟಿದರೆ ತಕ್ಷಣ ನಿಲ್ಲಿಸಿ, ಪೆನ್ಸಿಲ್ ತೂರಿಸಿ ಕೈಯಿಂದಲೇ ಸುತ್ತಿ.

ಸಿ-60 ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ, ಸಿ-90ರದ್ದು 45. ಬದಿ ತಿರುಗಿಸಿ ಎರಡನೆಯದನ್ನು ಹೊಸ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡುವಾಗ ಮೊದಲ ಬದಿಯ ಹಾಡೂ ಜೊತೆಗೆ ಕೇಳತೊಡಗಿದರೆ ಆಡಾಸಿಟಿಯಲ್ಲಿ ಓವರ್‌ಡಬ್ ಆಯ್ಕೆಯ ಟಿಕ್ ತೆಗೆಯಿರಿ. ಮೂಲ ಪ್ರತಿಯನ್ನು 44,100 ಹರ್ಟ್ಸ್, 16 ಬಿಟ್ ವೇವ್ ಫೈಲಾಗಿ ಉಳಿಸಿ. ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಎಂಪಿ3 ವಾಟ್ಸ್ಆ್ಯಪಿನಲ್ಲಿ ಹಂಚಲು ಸಾಕು.

ಒಬ್ಬರೇ ಇಯರ್‌ಫೋನ್ ಹಾಕಿ ಕೂರಬೇಕೆಂದಿಲ್ಲ. ಲೈನ್ ಇನ್ ಆರಿಸಿದ್ದರೆ ಕಂಪ್ಯೂಟರಿನ ಸ್ಪೀಕರಿನಲ್ಲೇ ಕೇಳಬಹುದು, ಕೋಣೆಯ ಮಾತು ಒಳಗೆ ಹೋಗದು. ಮನೆಯ ಹಿರಿಯರನ್ನು ಕರೆದು ಕೂರಿಸಿ, ಒಂದು ಹಾಳೆ ಇಟ್ಟುಕೊಂಡು ಯಾವ ನಿಮಿಷದಲ್ಲಿ ಯಾರ ದನಿ ಎಂದು ಬರೆಯುತ್ತಾ ಹೋಗಿ. ನಮ್ಮ ಕ್ಯಾಸೆಟ್ಟಿನಲ್ಲಿ 17ನೇ ನಿಮಿಷಕ್ಕೆ ಅಜ್ಜಿಯ ಜೊತೆ ಇನ್ನೊಂದು ದನಿ ಸೇರುತ್ತದೆ. ಅದು ದೊಡ್ಡತ್ತೆಯದು ಎಂದು ಅಮ್ಮ ಮೊದಲ ಸಾಲಿಗೇ ಗುರುತು ಹಿಡಿದರು.